ಸಿಲಿಕಾನಿನ ಮೇಲೆ ಅತಿನೇರಿಳೆ ದೀಪ

ಅತಿನೇರಿಳೆ ಎಂಬ ಮಾತು ರೂಢಿಗೆ ಬಂದಿದೆಯಾದರೂ ಅರ್ಥಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಅದು ಮಿತಿಮೀರಿದ ನೇರಿಳೆಯಲ್ಲ, ನೇರಿಳೆಯ ಆಚೆಗೆ ಕಣ್ಣಿಗೆ ಕಾಣದಿರುವ ಬೆಳಕು. ಅದರಲ್ಲಿ 280 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳು ನೀರಿನೊಳಗಣ ರೋಗಾಣುಗಳನ್ನು ನಾಶಮಾಡಬಲ್ಲುವು. ಇಂತಹ ಬೆಳಕನ್ನು ಬಹುಕಾಲ ಪಾದರಸದ ದೀಪಗಳಿಂದಲೇ ಪಡೆದುದುಂಟು. ಆದರೆ ದೀಪವೊಡೆದರೆ ಪಾದರಸವು ವಿಷ. ಆ ದೋಷವಿಲ್ಲದ ಡಯೋಡನ್ನು ಅಗ್ಗವಾದ ಸಿಲಿಕಾನಿನ ಮೇಲೆ ಬೆಳೆಯಿಸಬಹುದೆ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಸಿಲಿಕಾನು ತಾನಾಗಿ ಇಂತಹ ಬೆಳಕನ್ನು ಸೂಸಲಾರದು. ಗ್ಯಾಲಿಯಂ ನೈಟ್ರೈಡು 365 ನ್ಯಾನೋಮೀಟರಿನ ಸುಮಾರಿಗೆ ಬೆಳಗುತ್ತದೆ. ಅದಕ್ಕೆ ಅಲ್ಯೂಮಿನಿಯಂ ಬೆರೆತಷ್ಟೂ ಅಲೆ ಕಿರಿದಾಗುತ್ತದೆ. ಇದೇ ನೈಟ್ರೈಡುಗಳಿಂದ ನೀಲಿ ಡಯೋಡನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರ ಇವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅವರು ಬಳಸಿದ ತಳಹದಿ ನೀಲಮಣಿಯ ಜಾತಿಯ ಹರಳು.

ಸಿಲಿಕಾನಿನ ತಳಹದಿಯಲ್ಲಿ ತೊಡಕುಗಳು ಹಲವು. ಎರಡು ಹರಳುಗಳ ಅಣುಗಳ ಅಂತರದಲ್ಲಿ ಶೇಕಡ 17ರಷ್ಟು ವ್ಯತ್ಯಾಸವಿದೆ. ಸಾವಿರ ಡಿಗ್ರಿಯ ಸುಮಾರಿನ ಕಾವಿನಲ್ಲಿ ಬೆಳೆದ ನೈಟ್ರೈಡು ಆರುವಾಗ ಸಿಲಿಕಾನಿಗಿಂತ ಹೆಚ್ಚಾಗಿ ಕುಗ್ಗುವುದರಿಂದ ಬಿರಿಯುತ್ತದೆ. ಅಲ್ಲದೆ ಗ್ಯಾಲಿಯಂ ಸಿಲಿಕಾನನ್ನು ಮುಟ್ಟಿದರೆ ಅದನ್ನು ಕೊರೆದುಬಿಡುತ್ತದೆ. ಆದುದರಿಂದ ಮೊದಲು ಅಲ್ಯೂಮಿನಿಯಂ ನೈಟ್ರೈಡಿನ ತೆಳುಪದರವನ್ನು ಹಾಸುತ್ತಾರೆ. ತುಂಗಭದ್ರೆಯ ಅಣೆಕಟ್ಟಿನ ಕಲ್ಲುಗಳ ನಡುವೆ ಸುಣ್ಣಸುರ್ಕಿಯ ಗಾರೆಯುಂಟಷ್ಟೆ. ಆದರೆ ಗಾರೆ ಸಂದನ್ನು ತುಂಬಿದರೆ ಸಾಕು, ಈ ಪದರವಾದರೋ ಮೇಲಣ ಅಣುಗಳಿಗೆ ಸಾಲನ್ನೂ ತೋರಿಸಬೇಕು. ಇದರ ಅಣುಗಳು ಹತ್ತಿರವಾಗಿರುವುದರಿಂದ ಮೇಲಣ ಗ್ಯಾಲಿಯಂ ನೈಟ್ರೈಡು ಒತ್ತಿಕೊಂಡು ಬೆಳೆಯುತ್ತದೆ. ಆರುವಾಗಿನ ಎಳೆತವನ್ನು ಆ ಒತ್ತಡ ಸರಿದೂಗಿಸುತ್ತದೆ. ಅತಿನೇರಿಳೆಗಾಗಿ ಅಲ್ಯೂಮಿನಿಯಂ ಹೆಚ್ಚಿಸಿದರೆ ಎರಡು ಪದರಗಳ ವ್ಯತ್ಯಾಸ ಕಡಮೆಯಾಗಿ ಒತ್ತಡವೂ ಕಡಮೆಯಾಗುತ್ತದೆ. ನೀಲಿಗೆ ಒದಗಿದ ಮದ್ದು ಇಲ್ಲಿ ಅಷ್ಟಾಗಿ ಒದಗದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋವಿಜ್ಞಾನ ಕೇಂದ್ರದಲ್ಲಿ ಸಿಲಿಕಾನಿನ ಮೇಲೆ ನೈಟ್ರೈಡುಗಳನ್ನು ಬೆಳೆಯಿಸುವ ಕಾರ್ಯ ನಡೆದಿದೆ. ಅತಿನೇರಿಳೆಯನ್ನು ಗ್ರಹಿಸುವ ಸಾಧನಗಳೂ ಅಲ್ಲಿ ಸಿದ್ಧವಾಗಿವೆ. ಗ್ರಾಹಕಕ್ಕೆ ಬೆಳಕು ಮೇಲಿನಿಂದ ಬರುವುದರಿಂದ ಕೆಳಗಣ ಸಿಲಿಕಾನು ಅದಕ್ಕೆ ಅಡ್ಡಿಯಲ್ಲ. ದೀಪದ ಪಾಡು ಬೇರೆ: ಅದರ ಬೆಳಕು ಎಲ್ಲ ಕಡೆಗೂ ಹರಿಯುತ್ತದೆ, ಕೆಳಗಿಳಿದುದನ್ನು ಸಿಲಿಕಾನು ನುಂಗುತ್ತದೆ. ಇದಕ್ಕೆ ಪರಿಹಾರ ಸಿಲಿಕಾನಿನ ದೌರ್ಬಲ್ಯದಲ್ಲಿಯೇ ಇದೆ. ಡಯೋಡನ್ನು ಮಗುಚಿ ಬೇರೊಂದು ಫಲಕಕ್ಕೆ ಬೆಸೆದು, ಸಿಲಿಕಾನನ್ನು ರಾಸಾಯನಿಕ ದ್ರವದಲ್ಲಿ ಕರಗಿಸಿಬಿಡಬಹುದು. ನೀಲಮಣಿಯನ್ನು ಹಾಗೆ ಕರಗಿಸುವುದು ಸುಲಭವಲ್ಲ. ಆದರೂ ಅಲ್ಯೂಮಿನಿಯಂ ಹೆಚ್ಚಿದ ಪದರದಲ್ಲಿ ಮೆಗ್ನೀಸಿಯಂ ಬೆರಸಿದರೂ ಧನವಾಹಕಗಳು ಸಾಲದೆ ಹೋಗುವುದರಿಂದ, ಲೋಹದ ಸಂಪರ್ಕಕ್ಕಾಗಿ ಗ್ಯಾಲಿಯಂ ನೈಟ್ರೈಡಿನ ಪದರವನ್ನೇ ಸಾಮಾನ್ಯವಾಗಿ ಹೊದಿಸುತ್ತಾರೆ. ಸಿಲಿಕಾನನ್ನು ತೆಗೆದಮೇಲೂ ಬೆಳಕಿನ ಒಂದು ಪಾಲನ್ನು ಆ ಪದರ ಹೀರಿಕೊಳ್ಳುತ್ತದೆ.