ಪಂಜರಕ್ಕೆ ಮತ್ತೊಂದು ಗಿಳಿ

ಪ್ರಶ್ನೆ: ಮನೆಯಲ್ಲಿ ಲವ್‌ಬರ್ಡ್ಸ್ ಜೋಡಿಯಿದೆ. ಜೊತೆಗೆ ಯಾವ ಗಿಳಿಯನ್ನು ತರಬಹುದು? (ಕರ್ಜಗಿಯ ಓದುಗರು)

ಉತ್ತರ: ವರದೆಯ ದಂಡೆಯ ಜೋಳದ ಹೊಲಗಳಿಗೆ ಹಿಂಡುಗಟ್ಟಿ ಇಳಿದು, ತೆನೆಯ ಕಾಳನ್ನು ಕೆಂಗೊಕ್ಕಿನಿಂದ ಒಂದೊಂದಾಗಿ ಬಿಡಿಸುವ ನಮ್ಮ ಹಸುರು ಗಿಳಿಯೇ ಮೊದಲು ಮನಸ್ಸಿಗೆ ಬರುವುದು ಸಹಜವಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಪಂಜರದಲ್ಲಿಡುವುದು ಅಪರಾಧವಾದ್ದರಿಂದ, ಅದು ಹೊಲದಲ್ಲಿಯೇ ಸ್ವಚ್ಛಂದವಾಗಿರಲಿ. ತಮ್ಮ ಮನೆಯ ಜೋಡಿ ಬಹುಶಃ ಬಜರಿಗರ್. ಪೇಟೆಯಲ್ಲಿ ಅವನ್ನೇ ಲವ್‌ಬರ್ಡ್ಸ್ ಎನ್ನುವರು. ಅವುಗಳಂತೆ ಆಸ್ಟ್ರೇಲಿಯಾ ಮೂಲದ, ನವಣೆಯನ್ನು ಮೆಚ್ಚುವ, ಶಾಂತಸ್ವಭಾವದ ಕಾಕಟೀಲ್ ಯೋಗ್ಯವೆಂದು ನನ್ನ ಅಭಿಪ್ರಾಯ. ಹದಿನೈದಿಪ್ಪತ್ತು ವರ್ಷ ಬಾಳಬಲ್ಲ ಜೀವವದು, ಆ ಹೊಣೆಯನ್ನು ಹೊರುವ ಸಂಕಲ್ಪವಿಲ್ಲದೆ ತರಲಾಗದು. ಮೊದಲ ಮೂವತ್ತು ದಿನ ಅದನ್ನು ಬೇರೆ ಕೋಣೆಯಲ್ಲಿರಿಸಿ. ಬ್ಯಾಡಗಿ ಮೆಣಸಿನ ಖಾರವು ಹಕ್ಕಿಯ ನಾಲಗೆಗೆ ತಟ್ಟದು; ಆದರೆ ಅದನ್ನು ಹುರಿಯುವಾಗ ಏಳುವ ಹೊಗೆ ಆ ಪುಟ್ಟ ಶ್ವಾಸಕೋಶಕ್ಕೆ ಅಪಾಯಕಾರಿಯಾದ್ದರಿಂದ, ಪಂಜರವನ್ನು ಅಡುಗೆಮನೆಯಿಂದ ದೂರ, ಪಡಸಾಲೆಯಲ್ಲಿ ತೂಗುಹಾಕಿ.