ಉಳಿಗೆ ತಕ್ಕ ಸಾಣೆಕಲ್ಲು

ಹೊಸ ಬೆಂಚ್ ಗ್ರೈಂಡರ್ ಕೊಂಡರೆ ಅದರ ಎರಡು ಬದಿಗೂ ಬೂದು ಬಣ್ಣದ ಕಲ್ಲು ಕೂಡಿಸಿರುತ್ತಾರೆ. ಕೊಡಲಿ, ಕುಡಗೋಲು, ವೆಲ್ಡಿಂಗ್ ಅಂಗಡಿಯ ಕೆಲಸಕ್ಕೆ ಆ ಕಲ್ಲು ಸಾಕು. ತೊಟ್ಟಿಲ ಕಾಲು, ಲಟ್ಟಣಿಗೆ, ಕಡಗೋಲು ಕಡೆಯುವವರು ಅದಕ್ಕೇ ಉಳಿ ಹಿಡಿದರೆ ಬಾಯಿ ನೀಲಿಗಟ್ಟುತ್ತದೆ, ಹದ ಇಳಿಯುತ್ತದೆ, ಒಂದೆರಡು ಕಾಲು ಕಡೆಯುವಷ್ಟರಲ್ಲಿ ಮತ್ತೆ ಮೊಂಡು. ಆಗ ಉಳಿ ಮಾಡಿಕೊಟ್ಟ ಕಂಬಾರನನ್ನು ದೂರುವುದುಂಟು. ಹೆಚ್ಚಿನ ಸಲ ದೋಷ ಇರುವುದು ಕಲ್ಲಿನಲ್ಲಿ.

ಕಡೆತ ಗದುಗಿನ ಸೀಮೆಗೆ ಹೊಸದಲ್ಲ. ಲಕ್ಕುಂಡಿಯ ಗುಡಿಗಳಲ್ಲಿ, ಮುಂಡರಗಿ ತಾಲ್ಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯಲ್ಲಿ, ಗದುಗಿನ ತ್ರಿಕೂಟೇಶ್ವರದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳ ಮೈಮೇಲೆ ಕಡೆದ ಬಳೆಗೆರೆಗಳು ಇಂದಿಗೂ ಸ್ಪಷ್ಟವಾಗಿವೆ. ಅದು ಬಳಪದ ಕಲ್ಲು, ಮೆತ್ತಗಿನದು. ಇಂದಿನ ಬಡಿಗೇರರ ಲೇತ್ ಮೇಲೆ ಏರುವ ಮರ ಉಳಿಯ ಮಟ್ಟಿಗೆ ಅಷ್ಟು ಸಲೀಸಲ್ಲ. ಜಾಲಿ ಗಟ್ಟಿ ಮರ. ಸಾಗವಾನಿಯ ಒಡಲಲ್ಲಿ ಸಿಲಿಕಾ ಇರುವುದರಿಂದ ಅದು ಉಳಿಯ ಬಾಯನ್ನು ಬೇಗ ತಿನ್ನುತ್ತದೆ. ಹಾಗಾಗಿ ಕಡೆಯುವವನು ದಿನಕ್ಕೆ ಎಷ್ಟೋ ಸಲ ಸಾಣೆಗೆ ಹೋಗಬೇಕು, ಕಲ್ಲಿನ ಆಯ್ಕೆ ಅವನ ದಿನದ ದುಡಿಮೆಯನ್ನೇ ತೀರ್ಮಾನಿಸುತ್ತದೆ.

ಕಲ್ಲು ಕೊಳ್ಳುವ ಮೊದಲು ನಿಮ್ಮ ಪೆಟ್ಟಿಗೆಯಲ್ಲಿರುವ ಉಕ್ಕು ಯಾವುದೆಂದು ತಿಳಿಯಬೇಕು. ಲಾರಿಯ ಕಮಾನು ಪಟ್ಟಿಯಿಂದಲೋ ಹಳೆಯ ಅರದಿಂದಲೋ ಕುಲುಮೆಯಲ್ಲಿ ಬಡಿದು ಮಾಡಿದ ಉಳಿ ಕಾರ್ಬನ್ ಉಕ್ಕಿನದು. ಪೇಟೆಯಿಂದ ತರಿಸಿದ ಹೊಸ ಗೌಜುಗಳು (ಬಾಯಿ ಬಾಗಿದ ಉಳಿಗಳು) ಸಾಮಾನ್ಯವಾಗಿ ಹೈಸ್ಪೀಡ್ ಸ್ಟೀಲ್, ಅಂದರೆ ಎಚ್‌ಎಸ್‌ಎಸ್. ಅನುಮಾನವಿದ್ದರೆ ಕಿಡಿ ನೋಡಿ. ಕಾರ್ಬನ್ ಉಕ್ಕು ಬೆಳ್ಳಗಿನ ಹಳದಿ ಕಿಡಿಗಳನ್ನು ಚಿಮ್ಮಿಸುತ್ತದೆ, ಅವು ತುದಿಯಲ್ಲಿ ಕವಲೊಡೆದು ಸಿಡಿಯುತ್ತವೆ. ಎಚ್‌ಎಸ್‌ಎಸ್‌ನ ಕಿಡಿ ಮಂಕು, ಕೆಂಪು ಬೆರೆತದ್ದು, ಸಿಡಿತ ಕಡಿಮೆ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಕಾರ್ಬನ್ ಉಕ್ಕು 200 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಮೆತ್ತಗಾಗತೊಡಗುತ್ತದೆ, 300ರ ಸುಮಾರಿಗೆ ನೀಲಿಯಾಗುತ್ತದೆ. ಎಚ್‌ಎಸ್‌ಎಸ್ 500 ಡಿಗ್ರಿ ದಾಟಿದರೂ ಹದ ಬಿಡುವುದಿಲ್ಲ. ಕಾರ್ಬನ್ ಉಳಿಯನ್ನು ಬಿಸಿ ಏರುವ ಮುಂಚೆಯೇ ಮೇಲಿಂದ ಮೇಲೆ ನೀರಿಗೆ ಅದ್ದಿ. ಕಾದ ಎಚ್‌ಎಸ್‌ಎಸ್ ಅನ್ನು ನೀರಿಗೆ ಅದ್ದಬೇಡಿ, ಬಾಯಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತವೆ. ಗಾಳಿಗೆ ಆರಲಿ.

ಇನ್ನು ಕಲ್ಲು. ನಮ್ಮಲ್ಲಿ ಹಿಂದೆ ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಯ ಚಕ್ರ ಮಾಡುತ್ತಿದ್ದರು. ಕಾರ್ಖಾನೆಯ ಕಲ್ಲಿನ ರಚನೆಯೂ ಅದೇ: ಕತ್ತರಿಸುವ ಹರಳು, ಅವನ್ನು ಹಿಡಿದಿಡುವ ಅಂಟು, ನಡುನಡುವೆ ಖಾಲಿ ಜಾಗ. ಕುರುಂದವೆಂದರೆ ಅಲ್ಯುಮಿನಿಯಂ ಆಕ್ಸೈಡ್. ಇಂದು ಅದು ಕುಲುಮೆಯಲ್ಲಿ ತಯಾರಾಗುತ್ತದೆ. ಅರಗಿನ ಬದಲು ಬಹುಪಾಲು ಕಲ್ಲುಗಳಲ್ಲಿ ಪಿಂಗಾಣಿಯಂತೆ ಸುಟ್ಟ ಮಣ್ಣಿನ ಅಂಟು. ಕಲ್ಲಿಗೆ ಅಂಟಿಸಿದ ಕಾಗದದ ಬಿಲ್ಲೆಯಲ್ಲಿ ಇದೆಲ್ಲ ಬರೆದಿರುತ್ತದೆ. ಉದಾಹರಣೆಗೆ ‘ಡಬ್ಲ್ಯುಎ 80 ಕೆ 5 ವಿ’ ಎಂದಿದ್ದರೆ ಬಿಳಿ ಅಲ್ಯುಮಿನಿಯಂ ಆಕ್ಸೈಡ್, 80ರ ಹರಳು, ‘ಕೆ’ ದರ್ಜೆ, 5ರ ರಚನೆ, ಪಿಂಗಾಣಿ ಅಂಟು. ಹರಳಿನ ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣದು. ರಚನೆಯ ಸಂಖ್ಯೆ ಹೆಚ್ಚಿದಷ್ಟೂ ಖಾಲಿ ಜಾಗ ಹೆಚ್ಚು.

ಇವುಗಳಲ್ಲಿ ದರ್ಜೆಯ ಅಕ್ಷರವನ್ನೇ ಜನ ತಪ್ಪಾಗಿ ಓದುತ್ತಾರೆ. ‘ಎ’ಯಿಂದ ‘ಝಡ್’ವರೆಗಿನ ಈ ಅಕ್ಷರ ಹರಳಿನ ಗಟ್ಟಿತನವನ್ನು ಹೇಳುವುದಿಲ್ಲ, ಅಂಟಿನ ಹಿಡಿತವನ್ನು ಹೇಳುತ್ತದೆ. ಗಟ್ಟಿ ಉಕ್ಕಿಗೆ ಗಟ್ಟಿ ಕಲ್ಲೇ ಬೇಕು ಎನ್ನಿಸುವುದು ಸಹಜ, ಆದರೆ ನಡೆಯುವುದು ಇದರ ತಿರುವುಮುರುವು. ಗಟ್ಟಿ ಉಕ್ಕು ಹರಳನ್ನು ಬೇಗ ಮೊಂಡು ಮಾಡುತ್ತದೆ. ಅಂಟಿನ ಹಿಡಿತ ಹದವಾಗಿದ್ದರೆ ಮೊಂಡು ಹರಳು ಉದುರಿ ಕೆಳಗಿನ ಹೊಸ ಹರಳು ಮೇಲೆ ಬರುತ್ತದೆ. ಹಿಡಿತ ಬಿಗಿಯಾಗಿದ್ದರೆ ಮೊಂಡು ಹರಳು ಅಲ್ಲೇ ಉಳಿದು ಉಕ್ಕನ್ನು ಕೊರೆಯದೆ ಬರೀ ಉಜ್ಜುತ್ತದೆ. ಕಲ್ಲಿನ ಮೈ ಗಾಜಿನಂತೆ ಹೊಳೆಯುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ, ಉಳಿ ಸುಡುತ್ತದೆ. ಬೂದು ಕಲ್ಲುಗಳ ತೊಂದರೆ ಸಾಮಾನ್ಯವಾಗಿ ಇದೇ. ಕಡೆತದ ಉಳಿಗೆ ‘ಜೆ’ ಅಥವಾ ‘ಕೆ’ ದರ್ಜೆಯ ಬಿಳಿ ಕಲ್ಲು ತನ್ನಿ. ಒಂದೇ ಕಲ್ಲಿಗೆ ಹಣವಿದ್ದರೆ 80ರದ್ದು. ಎರಡು ಕೊಳ್ಳಬಲ್ಲಿರಾದರೆ ಆಕಾರ ಕೊಡಲು 46, ಹರಿತಕ್ಕೆ 80. ಕಾರ್ಬನ್ ಉಳಿಗಳೇ ಹೆಚ್ಚಿದ್ದರೆ 60 ಇರಲಿ, ಹರಳು ತೀರ ಸಣ್ಣದಾದಷ್ಟೂ ಬಿಸಿ ಹೆಚ್ಚು. ಬಿಳಿ ಕಲ್ಲು ಬೇಗ ಸವೆಯುತ್ತದೆಂದು ಹಿಂಜರಿಯಬೇಡಿ. ಕಲ್ಲು ಸವೆದು ಉಳಿ ಉಳಿಯುವುದೇ ಲಾಭ. ಅಂಗಡಿಯವರು ತೋರಿಸುವ ಹಸಿರು ಕಲ್ಲು ಸಿಲಿಕಾನ್ ಕಾರ್ಬೈಡ್. ಅದು ಕಾರ್ಬೈಡ್ ತುದಿಯ ಹತಾರಗಳಿಗೆ ಮೀಸಲು, ಉಕ್ಕಿನ ಉಳಿಗೆ ಬೇಡ.

ಯಂತ್ರದ ವೇಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸಣ್ಣ ಗ್ರೈಂಡರ್‌ಗಳು ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುತ್ತವೆ. 150 ಮಿ.ಮೀ. ಕಲ್ಲಿನ ಅಂಚು ಆಗ ಸೆಕೆಂಡಿಗೆ 22 ಮೀಟರ್‌ಗಿಂತ ಹೆಚ್ಚು ಓಡುತ್ತದೆ. 1,440 ಸುತ್ತಿನ ಯಂತ್ರಕ್ಕೆ 200 ಮಿ.ಮೀ. ಕಲ್ಲು ಹಾಕಿದರೆ ಅದು 15 ಮೀಟರ್. ಬಿಸಿ ಕಡಿಮೆ, ಕೈಗೆ ಹಿಡಿತ ಹೆಚ್ಚು, ಉಳಿಯ ಓರೆಯೂ ಅಷ್ಟು ತಗ್ಗಾಗುವುದಿಲ್ಲ. ಹೊಸದಾಗಿ ಕೊಳ್ಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅಗಲ 25 ಮಿ.ಮೀ. ಇದ್ದರೆ ಗೌಜು ಹೊರಳಿಸಲು ಜಾಗ ಸಿಗುತ್ತದೆ. ನಡುವಿನ ತೂತು ನಿಮ್ಮ ಯಂತ್ರದ ದಂಡಕ್ಕೆ ಹೊಂದುತ್ತದೋ, ಬುಷ್ ಬೇಕೋ ಅಂಗಡಿಯಲ್ಲೇ ಅಳೆದು ನೋಡಿ.

ಸಿಬಿಎನ್ ಚಕ್ರದ ಮಾತು ಈಗ ಹೆಚ್ಚು ಕೇಳಿಬರುತ್ತಿದೆ. ಸಿಬಿಎನ್ ಎಂದರೆ ಕ್ಯೂಬಿಕ್ ಬೋರಾನ್ ನೈಟ್ರೈಡ್. ಈ ಹರಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ರಾಬರ್ಟ್ ವೆಂಟಾರ್ಫ್ 1957ರಲ್ಲಿ ತಯಾರಿಸಿದರು. ವಜ್ರ ಇದಕ್ಕಿಂತ ಗಟ್ಟಿ, ಆದರೆ ಬಿಸಿಯಲ್ಲಿ ವಜ್ರದ ಕಾರ್ಬನ್ ಕಬ್ಬಿಣದೊಳಗೆ ಕರಗುವುದರಿಂದ ಉಕ್ಕಿನ ಸಾಣೆಗೆ ಅದು ಬಾಳುವುದಿಲ್ಲ. ಸಿಬಿಎನ್‌ಗೆ ಆ ತೊಡಕಿಲ್ಲ. ಲೋಹದ ಚಕ್ರದ ಮೇಲೆ ಹರಳು ಕೂಡಿಸಿರುವುದರಿಂದ ಅಳತೆ ಕುಗ್ಗುವುದಿಲ್ಲ, ಕಲ್ಲಿನ ಮೈ ಕೆರೆಯುವ ಡ್ರೆಸರ್ ಹಿಡಿಯುವಂತೆಯೂ ಇಲ್ಲ. ದಿನವಿಡೀ ಎಚ್‌ಎಸ್‌ಎಸ್ ಗೌಜು ಹಿಡಿಯುವವರಿಗೆ ದುಬಾರಿಯಾದರೂ ಅದು ಸರಿ. ಕಮಾನು ಪಟ್ಟಿಯ ನಾಲ್ಕಾರು ಉಳಿ ಇಟ್ಟುಕೊಂಡವರಿಗೆ ಆ ಖರ್ಚು ಬೇಡ. ಹದ ಹಾಕದ ಮೆತ್ತನೆಯ ಕಬ್ಬಿಣ ಅದರ ಹರಳುಗಳ ನಡುವೆ ತುಂಬಿಕೊಂಡು ಚಕ್ರವನ್ನೇ ಕೆಡಿಸುತ್ತದೆ.

ಕಲ್ಲು ಕೂಡಿಸುವ ಮುಂಚೆ ನಡುತೂತಿನಲ್ಲಿ ಬೆರಳು ತೂರಿಸಿ ಎತ್ತಿ, ಮರದ ಹಿಡಿಯಿಂದ ಮೆಲ್ಲಗೆ ಬಡಿದು ಕೇಳಿ. ಸದ್ದು ಗಣಗಣ ಎಂದರೆ ಸರಿ, ಡೊಬ್ ಎಂದರೆ ಒಳಗೆ ಬಿರುಕಿದೆ, ಆ ಕಲ್ಲು ಬೇಡವೇ ಬೇಡ. ಬಿಲ್ಲೆಯ ಮೇಲಿನ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಹೆಚ್ಚಿರಬೇಕು. ಎರಡೂ ಬದಿಯ ಕಾಗದದ ಬಿಲ್ಲೆ ಕೀಳಬೇಡಿ, ಫ್ಲ್ಯಾಂಜಿನ ಒತ್ತಡವನ್ನು ಸಮನಾಗಿ ಹಂಚುವುದು ಅದೇ. ಮೊದಲ ಸಲ ಚಾಲೂ ಮಾಡಿ ಒಂದು ನಿಮಿಷ ಪಕ್ಕಕ್ಕೆ ನಿಂತಿರಿ, ಕಲ್ಲಿನ ಎದುರಿಗಲ್ಲ. ಕಣ್ಣಿಗೆ ಕನ್ನಡಕ ಇರಲೇಬೇಕು. ಮೈ ಹೊಳೆಯತೊಡಗಿದಾಗ ಡ್ರೆಸರ್‌ನಿಂದ ಕೆರೆದು ಹೊಸ ಮೈ ತೆಗೆಯಿರಿ. ಆಧಾರಪಟ್ಟಿ ಕಲ್ಲಿನಿಂದ 3 ಮಿ.ಮೀ.ಗಿಂತ ದೂರ ಇರಬಾರದು, ಕಲ್ಲು ಸವೆದಂತೆ ಅದನ್ನು ಹತ್ತಿರ ತರುತ್ತಿರಿ. 1,440 ಸುತ್ತಿನ ಯಂತ್ರದಲ್ಲಿ 200 ಮಿ.ಮೀ. ಕಲ್ಲು 150ಕ್ಕೆ ಇಳಿದಾಗ ಅಂಚಿನ ವೇಗ ಸೆಕೆಂಡಿಗೆ 11 ಮೀಟರ್‌ಗೆ ಬಂದಿರುತ್ತದೆ. ಅದೇ ‘ಕೆ’ ಕಲ್ಲು ಆಗ ಇನ್ನೂ ಮೆತ್ತಗಾದಂತೆ ವರ್ತಿಸಿ ಹರಳನ್ನು ಬೇಗ ಬೇಗ ಉದುರಿಸುತ್ತದೆ. ಹೊಸ ಕಲ್ಲು ತರುವ ಹೊತ್ತು ಅದು.