ಮಿನುಗದ ದೀಪದ ಗುಟ್ಟು

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇನ್ನು ಎರಡೇ ದಿನ. ಏಳನೆಯ ತರಗತಿಯ ಹುಡುಗಿಯೊಬ್ಬಳು ಮಿನುಗುವ ದೀಪದ ಮಾದರಿ ಮಾಡಿದ್ದಾಳೆ ಎಂದುಕೊಳ್ಳಿ. ಬ್ಯಾಟರಿ ಜೋಡಿಸಿದಳು. ಎಲ್‌ಇಡಿ ದೀಪ ಹತ್ತಿತು. ಆದರೆ ಮಿನುಗಲಿಲ್ಲ! ಹತ್ತಿದ್ದು ಹತ್ತಿಕೊಂಡೇ ಇತ್ತು. ಅವಳು ಮೇಷ್ಟ್ರ ಬಳಿಗೆ ಓಡಿದಳು.

“ಸಾರ್, ಐಸಿ ಕೆಟ್ಟುಹೋಗಿದೆ. ಬೇರೆ ತರಿಸಬೇಕು.”

“ಐಸಿಯೇ ಕೆಟ್ಟಿದೆ ಅಂತ ಹೇಗೆ ಗೊತ್ತಾಯಿತಮ್ಮ? ನೀನು ಏನೇನು ಜೋಡಿಸಿದೆ, ಏನು ಕಂಡೆ, ಅದನ್ನು ಮೊದಲು ಹೇಳು” ಎಂದರು ಮೇಷ್ಟ್ರು.

ಮಕ್ಕಳೇ, ಮೇಷ್ಟ್ರು ಹೀಗೆ ಕೇಳಿದ್ದೇಕೆ? ಇದು ತಿಳಿಯಬೇಕಾದರೆ ದೀಪ ಮಿನುಗುವುದು ಹೇಗೆ ಎಂಬುದನ್ನು ಮೊದಲು ನೋಡೋಣ.

ಆಂದೋಲಕ ಎಂದರೇನು?

ಉಯ್ಯಾಲೆ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಮುಂದಕ್ಕೆ ಹೋಗುತ್ತದೆ. ಇದು ಆಂದೋಲನ. ವಿದ್ಯುತ್ತು ಹೀಗೆಯೇ ಮತ್ತೆ ಮತ್ತೆ ಏರಿಳಿಯುವಂತೆ ಮಾಡುವ ವಿದ್ಯುನ್ಮಂಡಲಕ್ಕೆ ಆಂದೋಲಕ ಎಂದು ಹೆಸರು. ಗೋಡೆಯ ಕ್ವಾರ್ಟ್ಸ್ ಗಡಿಯಾರ, ರೇಡಿಯೋ, ಕಂಪ್ಯೂಟರ್, ಮೊಬೈಲ್ ಎಲ್ಲದರೊಳಗೂ ಆಂದೋಲಕವಿದೆ.

ಹುಡುಗಿ ಬಳಸಿದ್ದು 555 ಎಂಬ ಐಸಿ. ಎಂಟು ಕಾಲುಗಳ ಈ ಪುಟ್ಟ ಕಪ್ಪು ತುಂಡನ್ನು 1971ರಲ್ಲಿ ವಿನ್ಯಾಸಗೊಳಿಸಿದವರು ಹ್ಯಾನ್ಸ್ ಕ್ಯಾಮೆಂಜಿಂಡ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಅವರು ಅಮೆರಿಕದ ಸಿಗ್ನೆಟಿಕ್ಸ್ ಕಂಪನಿಗಾಗಿ ಇದನ್ನು ರೂಪಿಸಿದರು. 1972ರಲ್ಲಿ ಮಾರುಕಟ್ಟೆಗೆ ಬಂದ ಇದು ಇಂದಿಗೂ ಬಳಕೆಯಲ್ಲಿದೆ.

ತುಂಬುವ, ಬರಿದಾಗುವ ತೊಟ್ಟಿ

ಒಂದು ನೀರಿನ ತೊಟ್ಟಿಯನ್ನು ಊಹಿಸಿಕೊಳ್ಳಿ. ಸಣ್ಣ ಕೊಳವೆಯಿಂದ ನೀರು ಬರುತ್ತಿದೆ. ತೊಟ್ಟಿಯ ಗೋಡೆಯ ಮೇಲೆ ಎರಡು ಗುರುತುಗಳಿವೆ. ಪಕ್ಕದಲ್ಲಿ ಒಬ್ಬ ಕಾವಲುಗಾರ. ನೀರು ಮೇಲಿನ ಗುರುತು ಮುಟ್ಟಿದೊಡನೆ ಅವನು ಕೆಳಗಿನ ತೂಬು ತೆರೆಯುತ್ತಾನೆ. ಕೆಳಗಿನ ಗುರುತಿಗೆ ಇಳಿದೊಡನೆ ತೂಬು ಮುಚ್ಚುತ್ತಾನೆ. ನೀರು ಏರುತ್ತ, ಇಳಿಯುತ್ತ ಇರುತ್ತದೆ.

ನಮ್ಮ ಮಂಡಲದಲ್ಲಿ ತೊಟ್ಟಿಯೆಂದರೆ ಕೆಪಾಸಿಟರ್, ಅಂದರೆ ಧಾರಕ. ಇದು ವಿದ್ಯುದಾವೇಶವನ್ನು ತುಂಬಿಟ್ಟುಕೊಳ್ಳುತ್ತದೆ. ಸಣ್ಣ ಕೊಳವೆಯೆಂದರೆ ರೆಸಿಸ್ಟರ್, ಅಂದರೆ ರೋಧಕ. ಕಾವಲುಗಾರನೇ 555. ಬ್ಯಾಟರಿ 9 ವೋಲ್ಟಿನದಾದರೆ ಮೇಲಿನ ಗುರುತು 6 ವೋಲ್ಟ್, ಕೆಳಗಿನದು 3 ವೋಲ್ಟ್. ಧಾರಕ ತುಂಬುವಾಗ ದೀಪ ಹತ್ತುತ್ತದೆ, ಬರಿದಾಗುವಾಗ ಆರುತ್ತದೆ.

ಜೋಡಣೆ ಹೀಗೆ

8 ಮತ್ತು 4ನೆಯ ಕಾಲುಗಳನ್ನು ಬ್ಯಾಟರಿಯ ಧನ ತುದಿಗೆ, 1ನೆಯದನ್ನು ಋಣ ತುದಿಗೆ ಜೋಡಿಸಿ. ಧನ ತುದಿ ಮತ್ತು 7ನೆಯ ಕಾಲಿನ ನಡುವೆ 1 ಕಿಲೋಓಮ್ ರೋಧಕ, 7 ಮತ್ತು 6ರ ನಡುವೆ 47 ಕಿಲೋಓಮ್ ರೋಧಕ ಇರಲಿ. 6 ಮತ್ತು 2ನ್ನು ತಂತಿಯಿಂದ ಸೇರಿಸಿ. 2ನೆಯ ಕಾಲು ಮತ್ತು ಋಣ ತುದಿಯ ನಡುವೆ 10 ಮೈಕ್ರೋಫ್ಯಾರಡ್ ಧಾರಕ. ಅದರ ಪಟ್ಟಿ ಇರುವ ಬದಿ ಋಣ ತುದಿಗೆ ಬರಬೇಕು. 3ನೆಯ ಕಾಲಿಗೆ 470 ಓಮ್ ರೋಧಕ, ಅದರ ಮುಂದೆ ಎಲ್‌ಇಡಿಯ ಉದ್ದ ಕಾಲು. ಗಿಡ್ಡ ಕಾಲು ಋಣ ತುದಿಗೆ. 5ನೆಯ ಕಾಲನ್ನು ಹಾಗೆಯೇ ಬಿಡಿ. ಈಗ ದೀಪ ಎರಡು ಸೆಕೆಂಡಿಗೆ ಸುಮಾರು ಮೂರು ಸಲ ಮಿನುಗಬೇಕು.

ತಪ್ಪು ಎಲ್ಲಿತ್ತು?

ಹುಡುಗಿ ಮಂಡಲದ ಚಿತ್ರ ಬರೆದಳು. ಪ್ರತಿ ಬಿಡಿಭಾಗದ ಮೇಲೆ ಅಚ್ಚಾಗಿರುವುದನ್ನೂ ಹಾಗೆಯೇ ಬರೆದಳು. ಧಾರಕದ ಮೇಲೆ 104 ಎಂದಿತ್ತು. “10 ಇದೆಯಲ್ಲ, ಸರಿಯಾಗಿದೆ ಅಂದುಕೊಂಡೆ ಸಾರ್” ಎಂದಳು.

ಎಡವಟ್ಟು ಅಲ್ಲೇ ಇತ್ತು! 104 ಒಂದು ಸಂಕೇತ. 10ರ ಮುಂದೆ 4 ಸೊನ್ನೆ ಎಂದು ಅದರ ಅರ್ಥ. ಅಂದರೆ 1,00,000 ಪಿಕೋಫ್ಯಾರಡ್. 10 ಲಕ್ಷ ಪಿಕೋಫ್ಯಾರಡ್ ಸೇರಿದರೆ 1 ಮೈಕ್ರೋಫ್ಯಾರಡ್. ಹಾಗಾಗಿ ಅವಳ ಧಾರಕ ಕೇವಲ 0.1 ಮೈಕ್ರೋಫ್ಯಾರಡ್‌ನದು. ಬೇಕಾದದ್ದರ ನೂರನೆಯ ಒಂದು ಭಾಗ! ತೊಟ್ಟಿ ನೂರು ಪಟ್ಟು ಚಿಕ್ಕದಾದರೆ ನೂರು ಪಟ್ಟು ಬೇಗ ತುಂಬುತ್ತದೆ, ಬರಿದಾಗುತ್ತದೆ. ದೀಪ ಸೆಕೆಂಡಿಗೆ ಸುಮಾರು 150 ಸಲ ಮಿನುಗುತ್ತಿತ್ತು. ಅಷ್ಟು ವೇಗ ನಮ್ಮ ಕಣ್ಣಿಗೆ ತಿಳಿಯುವುದಿಲ್ಲ, ಸದಾ ಉರಿಯುತ್ತಿರುವಂತೆ ಕಾಣುತ್ತದೆ.

ಮೇಷ್ಟ್ರು ಕೋಣೆಯ ಕಿಟಕಿ ಮುಚ್ಚಿಸಿ ಅವಳ ಕೈಗೆ ಒಂದು ಚಿಕ್ಕ ಕನ್ನಡಿ ಕೊಟ್ಟರು. ದೀಪದ ಬಿಂಬವನ್ನು ನೋಡುತ್ತ ಕನ್ನಡಿಯನ್ನು ಬೇಗಬೇಗ ಅಲುಗಾಡಿಸಿದಳು. ಬಿಂಬ ಒಂದೇ ಗೆರೆಯಾಗಿ ಕಾಣಲಿಲ್ಲ, ತುಂಡು ತುಂಡು ಗೆರೆಗಳಾಗಿ ಕಂಡಿತು! ನಡುವಿನ ಕತ್ತಲೆಯೇ ದೀಪ ಆರಿದ ಕ್ಷಣ. ಐಸಿ ಕೆಟ್ಟಿರಲಿಲ್ಲ, ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಧಾರಕ ಬದಲಿಸಿದೊಡನೆ ದೀಪ ನಿಧಾನವಾಗಿ ಮಿನುಗತೊಡಗಿತು.

ಸಹಾಯ ಕೇಳುವುದು ಹೇಗೆ?

“ಐಸಿ ಕೆಟ್ಟಿದೆ” ಎಂಬುದು ಹುಡುಗಿಯ ಊಹೆ. “ದೀಪ ಹತ್ತಿಕೊಂಡೇ ಇದೆ” ಎಂಬುದು ಅವಳು ಕಂಡದ್ದು. ಬರೀ ಊಹೆಯನ್ನು ನಂಬಿದ್ದರೆ ಹೊಸ ಐಸಿಗೆ ಹಣ ಹೋಗುತ್ತಿತ್ತು, ದೀಪ ಮಾತ್ರ ಮಿನುಗುತ್ತಿರಲಿಲ್ಲ. ನಿಮ್ಮ ಮಾದರಿ ಕೆಲಸ ಮಾಡದಿದ್ದರೆ ಶಿಕ್ಷಕರಿಗಾಗಲಿ, ರೇಡಿಯೋ ರಿಪೇರಿಯವರಿಗಾಗಲಿ ಈ ನಾಲ್ಕು ಸಂಗತಿಗಳನ್ನು ತಿಳಿಸಿ:

1. ನೀವು ಜೋಡಿಸಿದ ಮಂಡಲದ ಚಿತ್ರ.
2. ಬಿಡಿಭಾಗಗಳ ಮೇಲೆ ಅಚ್ಚಾಗಿರುವ ಅಂಕೆ, ಬಣ್ಣದ ಪಟ್ಟಿ.
3. ಬ್ಯಾಟರಿ ಎಷ್ಟು ವೋಲ್ಟಿನದು, ಹೊಸದೋ ಹಳೆಯದೋ.
4. ಏನಾಗಬೇಕಿತ್ತು, ಏನಾಯಿತು.

ಎಚ್ಚರಿಕೆ: ಈ ಪ್ರಯೋಗವನ್ನು ಬ್ಯಾಟರಿಯಿಂದ ಮಾತ್ರ ಮಾಡಿ. ಮನೆಯ ವಿದ್ಯುತ್ತಿಗೆ ಎಂದೂ ಜೋಡಿಸಬೇಡಿ.

ಮಾಡಿ ನೋಡಿ: 10 ಮೈಕ್ರೋಫ್ಯಾರಡ್ ಬದಲು 100 ಮೈಕ್ರೋಫ್ಯಾರಡ್ ಧಾರಕ ಹಾಕಿದರೆ ದೀಪ ಹೇಗೆ ಮಿನುಗೀತು? ಮೊದಲು ಊಹಿಸಿ ಬರೆದಿಡಿ. ಆಮೇಲೆ ಜೋಡಿಸಿ, ಎಣಿಸಿ ನೋಡಿ.